ಏಳನೇ ಮಹಡಿಯವರೆಗಿನ ಇಂಗ್ಲಿಷ್

ಆ ಕಟ್ಟಡದಲ್ಲಿ ಎಲ್ಲರೂ ಅವಳನ್ನು ಲಿಫ್ಟಕ್ಕ ಎಂದೇ ಕರೆಯುತ್ತಿದ್ದರು. ಹತ್ತೊಂಬತ್ತು ವರ್ಷದಿಂದ ಹಳೆಯ ಲಿಫ್ಟಿನ ಮೂಲೆಯಲ್ಲಿ ಸ್ಟೂಲಿನ ಮೇಲೆ ಕೂತು, ಜಾಲರಿ ಬಾಗಿಲು ಎಳೆದು, ಹಿತ್ತಾಳೆಯ ಹಿಡಿ ತಿರುಗಿಸಿ, ಜನರನ್ನು ಹತ್ತಿಸಿ ಇಳಿಸಿದವಳು. ಮುಂದಿನ ತಿಂಗಳು ಗುಂಡಿ ಒತ್ತಿದರೆ ತಾನೇ ಹೋಗುವ ಲಿಫ್ಟು ಬರುವುದಿತ್ತು. ಅದಕ್ಕೆ ಸ್ಟೂಲೂ ಬೇಡ, ಅಕ್ಕನೂ ಬೇಡ. ಕೆಳಗೆ ಸ್ವಾಗತದ ಮೇಜಿನ ಹಿಂದೆ ಒಂದು ಕುರ್ಚಿ ಖಾಲಿ ಇತ್ತು, ನಿಜ. ಅಲ್ಲಿ ಕೂರಬೇಕಾದರೆ ಮಧ್ಯಮ ಮಟ್ಟದ ಇಂಗ್ಲಿಷ್ ಮಾತಿನ ಪರೀಕ್ಷೆ ಪಾಸಾಗಬೇಕು. ಆಗದಿದ್ದರೆ ಮನೆ ದಾರಿ ಹಿಡಿಯಬೇಕು.

ವ್ಯಾಕರಣದ ಪುಸ್ತಕವನ್ನು ಅವಳು ಅರೆದು ಕುಡಿದಿದ್ದಳು. ಮಾತಾಡಲು ಮಾತ್ರ ಎದುರಿಗೆ ಜನ ಬೇಕಲ್ಲ. ಮನೆಯಲ್ಲಿ ಬಾಯಿ ಬಿಟ್ಟರೆ ಮಗಳು, "ಅಮ್ಮಾ, ಇಂಗ್ಲಿಷಲ್ಲೂ ನನ್ನನ್ನೇ ಬೈತೀಯಲ್ಲ" ಎಂದು ನಗುತ್ತಿದ್ದಳು. ಹೀಗಾಗಿ ಲಿಫ್ಟೇ ಶಾಲೆಯಾಯಿತು. ನೆಲದಿಂದ ಏಳನೇ ಮಹಡಿಗೆ ನಲವತ್ತು ಸೆಕೆಂಡು. ಹತ್ತಿದವರು ಯಾರೇ ಆಗಲಿ, ಅಷ್ಟು ಹೊತ್ತು ಅವರ ಜೊತೆ ಇಂಗ್ಲಿಷ್.

ಅವರಲ್ಲಿ ಅವಳಿಗೆ ತುಂಬ ಇಷ್ಟವಾದವರು ಏಳನೇ ಮಹಡಿಯ ನಕ್ಷೆ ತಾತ. ಒಂದು ಕಾಲಕ್ಕೆ ಭೂಪಟ ಬರೆಯುತ್ತಿದ್ದವರು. ಹತ್ತು ದಿನದಿಂದ ಅವಳಿಗೊಂದು ಕಥೆ ಹೇಳುತ್ತಿದ್ದರು, ದಿನಕ್ಕೆ ಏಳು ಮಹಡಿಯಷ್ಟು. ಹರೆಯದಲ್ಲಿ ಅವರ ನಕ್ಷೆಯ ಮೇಲೆ ಒಂದು ಹನಿ ನೀಲಿ ಶಾಯಿ ಬಿತ್ತಂತೆ. ಸಾಹೇಬರಿಗೆ ಹೆದರಿ ಅದಕ್ಕೊಂದು ದಡ ಬರೆದು, ಹೆಸರಿಟ್ಟು, ಕೆರೆ ಮಾಡಿಬಿಟ್ಟರಂತೆ. ನಕ್ಷೆ ಅಚ್ಚಾಯಿತು. ಮೂರು ವರ್ಷ ಬಿಟ್ಟು ಒಂದು ಕಾಗದ ಬಂತು. ಯಾರೋ ಹೆಂಗಸು ಬರೆದಿದ್ದಳು, ನಾನು ನಿಮ್ಮ ಆ ಕೆರೆಯ ದಡದಲ್ಲೇ ಇದ್ದೇನೆ ಎಂದು.

"ಆಮೇಲೆ?" ಎಂದಳು ಅಕ್ಕ.

ಏಳನೇ ಮಹಡಿ ಬಂದಿತ್ತು. "ನಾಳೆ ಹೇಳ್ತೀನಮ್ಮ" ಎಂದು ತಾತ ಇಳಿದುಹೋದರು.

ಇಲ್ಲದ ಕೆರೆಯ ದಡದಲ್ಲಿ ಒಬ್ಬಳು ಇರುವುದಾದರೂ ಹೇಗೆ? ಅಕ್ಕ ಅದನ್ನೇ ತಲೆಗೆ ಹಚ್ಚಿಕೊಂಡು ಮನೆಗೆ ಹೋದಳು. ಮಾರನೆಯ ದಿನವೇ ಪರೀಕ್ಷೆ ಎನ್ನುವುದನ್ನು ಮಗಳೇ ನೆನಪಿಸಬೇಕಾಯಿತು.

ಪರೀಕ್ಷೆ ಅದೇ ಕಟ್ಟಡದ ಮೂರನೇ ಮಹಡಿಯಲ್ಲಿ, ಬೆಳಿಗ್ಗೆ ಒಂಬತ್ತೂವರೆಗೆ. ಬಂದಿದ್ದವಳು ಅವಳೊಬ್ಬಳೇ. ಪರೀಕ್ಷಕಿ ಕೆಂಪು ಪೆನ್ನಿನ ಮುಚ್ಚಳ ತೆಗೆದು ಕೂತಿದ್ದರು. ಯಾರಾದರೂ ಮಾಡಿದ ಒಂದು ತಪ್ಪಿನ ಬಗ್ಗೆ ಎರಡು ನಿಮಿಷ ಮಾತಾಡಿ ಎಂದು ಚೀಟಿಯಲ್ಲಿತ್ತು. ಅಕ್ಕನಿಗೆ ಅದಕ್ಕಿಂತ ಇನ್ನೇನು ಬೇಕು? ಶಾಯಿ ಬಿದ್ದಲ್ಲಿಂದ ಶುರುಮಾಡಿದಳು. ನಲವತ್ತು ಸೆಕೆಂಡು ಆಗುತ್ತಲೇ ಬಾಯಿ ತಾನಾಗಿ ನಿಂತಿತು. ಕೈ ತಾನಾಗಿ ಎದ್ದು ಇಲ್ಲದ ಜಾಲರಿ ಬಾಗಿಲನ್ನು ಎಳೆಯಿತು. "ಹುಷಾರಾಗಿ ಇಳೀರಿ" ಎಂದೂ ಇಂಗ್ಲಿಷಿನಲ್ಲಿ ಹೇಳಿಬಿಟ್ಟಳು.

ಪರೀಕ್ಷಕಿ ಗಡಿಯಾರ ನೋಡಿದರು. "ಇನ್ನೂ ಒಂದು ನಿಮಿಷ ಇಪ್ಪತ್ತು ಸೆಕೆಂಡಿದೆ."

ಕುರ್ಚಿ ಕೈತಪ್ಪಿತು ಎಂದು ಅಕ್ಕನಿಗೆ ದುಃಖವೇ ಉಕ್ಕಿಬಂತು. ಅಷ್ಟರಲ್ಲಿ, ಮನಸ್ಸಿನಲ್ಲೇ ಕೆಳಗೆ ಹೋಗಿ ಇನ್ನೊಂದು ಸಲ ಹತ್ತಿದರಾಯಿತಲ್ಲ ಅನಿಸಿತು. "ಗುಡ್ ಮಾರ್ನಿಂಗ್ ಮೇಡಂ. ನಿನ್ನೆ ಎಲ್ಲಿಗೆ ನಿಲ್ಲಿಸಿದ್ದೆ?" ಎಂದು ಮತ್ತೆ ಶುರುಮಾಡಿದಳು. ಒಟ್ಟು ಮೂರು ಸಲ ಹತ್ತಿದಳು. ಮೂರನೆಯ ಸಲಕ್ಕೆ ಕಥೆಯಲ್ಲಿ ಕಾಗದ ಬಂತು, ಸಮಯ ಮುಗಿದ ಗಂಟೆಯೂ ಹೊಡೆಯಿತು.

"ಕಾಗದದಲ್ಲಿ ಏನಿತ್ತು?" ಎಂದರು ಪರೀಕ್ಷಕಿ.

"ಗೊತ್ತಿಲ್ಲ ಮೇಡಂ. ಏಳನೇ ಮಹಡಿ ಬಂದುಬಿಡ್ತು."

ಪರೀಕ್ಷಕಿ ಕೆಂಪು ಪೆನ್ನಿಗೆ ಮುಚ್ಚಳ ಹಾಕಿದರು. "ಆ ತಾತ ಎಷ್ಟು ಗಂಟೆಗೆ ಬರ್ತಾರೆ?"

ಹತ್ತಕ್ಕೆ ಮೂವರೂ ಲಿಫ್ಟಿನಲ್ಲಿದ್ದರು. ಹೊಸ ಕೇಳುಗರು ಸಿಕ್ಕ ಖುಷಿಗೆ ತಾತ ಕೋಟು ಸರಿಮಾಡಿಕೊಂಡು ಕಾಗದದ ಸಾಲುಗಳನ್ನು ಬಾಯಿಪಾಠ ಹೇಳಿದರು. "ಸ್ವಾಮಿ, ಇಲ್ಲಿ ಕೆರೆಯೇ ಇಲ್ಲ. ಆದರೆ ನಿಮ್ಮ ನಕ್ಷೆ ನಂಬಿ ಜನ ಬರುತ್ತಾರೆ, ಬಾಯಾರಿ ನಿಲ್ಲುತ್ತಾರೆ. ನಾನು ಟೀ ಅಂಗಡಿ ಇಟ್ಟು ಇಬ್ಬರು ಮಕ್ಕಳನ್ನು ಓದಿಸುತ್ತಿದ್ದೇನೆ. ದಯವಿಟ್ಟು ತಿದ್ದಬೇಡಿ."

"ತಿದ್ದಿದ್ರಾ?" ಹೆಂಗಸರಿಬ್ಬರೂ ಒಟ್ಟಿಗೆ ಕೇಳಿದರು.

"ಕೈ ಬರ್ಲಿಲ್ಲ" ಎಂದು ತಾತ ಇಳಿದರು.

ಕೆಳಗೆ ಬರುವಾಗ ಅಕ್ಕ ಹಿಡಿಯ ಮೇಲಿಂದ ಕಣ್ಣು ತೆಗೆಯಲಿಲ್ಲ. ಕೊನೆಗೆ ಧೈರ್ಯ ಮಾಡಿದಳು. "ನಂದು ಎಷ್ಟು ತಪ್ಪು ಮೇಡಂ?"

"ಶಾಯಿ ಕೆರೆ ಆಗೋ ತನಕ ನಾಲ್ಕು. ಆಮೇಲೆ ಗುರುತು ಹಾಕೋದೇ ಮರೆತೆ."

"ಹಾಗಾದ್ರೆ ಪಾಸೋ, ಫೇಲೋ?"

"ಮುಂದೇನಾಯ್ತು ಅಂತ ಕೇಳೋಕೆ ನಾನು ಏಳನೇ ಮಹಡಿ ತನಕ ಬಂದಿದ್ದೀನಲ್ಲಮ್ಮ. ಮಧ್ಯಮ ಮಟ್ಟಕ್ಕೆ ಇನ್ನೇನು ಬೇಕು? ಪಾಸು."

ಲಿಫ್ಟು ನೆಲಕ್ಕೆ ಬಂದು ನಿಂತು ತುಂಬ ಹೊತ್ತಾಗಿತ್ತು. ಹತ್ತೊಂಬತ್ತು ವರ್ಷದಲ್ಲಿ ಮೊದಲ ಸಲ ಲಿಫ್ಟಕ್ಕನಿಗೆ ಬಾಗಿಲು ತೆಗೆಯುವುದು ಮರೆತುಹೋಗಿತ್ತು.