ಗೋಡೆಗೆ ಕೊಟ್ಟ ಮರ

ಬಿರುಕು ಕಂಡರೆ ಮರ ಕೊಡದೆ ಬಿಡುವವನಲ್ಲ ಆರುಮುಗಂ. ಚಾಂಪಿಯನ್ ರೀಫ್ಸ್ ಚಿನ್ನದ ಗಣಿಯೊಳಗೆ ಇಪ್ಪತ್ತು ವರ್ಷ ಅವನದು ಅದೇ ಕೆಲಸ: ತಲೆಯ ಮೇಲಿನ ಬಂಡೆ ಸಡಿಲವಾದ ಕಡೆ ದಿಮ್ಮಿ ಆನಿಸಿ ನಿಲ್ಲಿಸುವುದು. ಹೋದ ಮಳೆಗಾಲದಲ್ಲಿ ಮೋರಿ ನೀರು ನುಗ್ಗಿ ಮನೆಯ ಹಿಂಗೋಡೆ ಬಾಯಿಬಿಟ್ಟಾಗಲೂ ಅಂದೇ ಒಂದು ನೀಲಗಿರಿ ಮರ ತಂದು ಓರೆಯಾಗಿ ಆನಿಸಿದ. ಬಿರುಕಿಗೆ ಮಣ್ಣು ಮೆತ್ತಿ, ಗಣಿಗಿಳಿಯುವ ಮುಂಚೆ ಮಾಡುತ್ತಿದ್ದಂತೆ ಮಾರಿಯಮ್ಮನನ್ನು ನೆನೆದು ಕೈಮುಗಿದ.

ಮಳೆಗಾಳಿಗೆ ಮನೆ ನಿಲ್ಲುವಂತೆ ಗೋಡೆ ಭದ್ರಮಾಡಿಕೊಳ್ಳಲು ಸರ್ಕಾರ ಸಹಾಯಧನ ಕೊಡುತ್ತದೆಂದು ತಿಳಿದು ಗಂಡ ಹೆಂಡತಿ ಅರ್ಜಿ ಹಾಕಿದ್ದರು. ದಸರಾ ಕಳೆದ ಮೇಲೆ ಇಂಜಿನಿಯರ್ ಮುನೀಂದ್ರ ಮೊಬೈಲ್ ಹಿಡಿದು ಬಂದ.

"ಯಜಮಾನ್ರೇ, ರಿಪೇರಿ ಆಗಿರೋ ಗೋಡೆಗೆ ದುಡ್ಡು ಬರಲ್ಲ."

"ರಿಪೇರಿ ಎಲ್ಲೈತೆ ಸಾಮಿ? ಮರ ಬೀಳ್ದಂಗೆ ಇಡ್ಕೊಂಡೈತೆ, ಅಷ್ಟೇ."

"ಗಣಿ ಮುಚ್ಚಿ ಯಾವ ಕಾಲ ಆಯ್ತು, ಈ ಮನುಷ್ಯ ಇನ್ನೂ ಮೇಲಕ್ಕೆ ಬಂದಿಲ್ಲ ಸಾರ್" ಎಂದಳು ಹೆಂಡತಿ ಅಮ್ಮಾಜಮ್ಮ.

ಮುನೀಂದ್ರ ಕೆಟ್ಟವನಲ್ಲ. "ಮರ ತೆಗೀರಿ, ಮಣ್ಣು ಕೆರೀರಿ, ಫೋಟೋ ತಕ್ಕೊಂತೀನಿ. ಆದ್ರೆ ಮೇಲಿನೋರು ಬಂದು ನೋಡೋವರ್ಗೂ ಇಂಗೇ ಇರ್ಬೇಕು. ಮುಟ್ಟಿದ್ರೆ ಅರ್ಜಿ ವಜಾ."

"ಅವ್ರು ಯಾವಾಗ ಬತ್ತಾರೆ?" ಆರುಮುಗಂ ಕೇಳಿದ.

"ಎರಡು ವಾರ. ಮೂರೂ ಆಗ್ಬೋದು."

ಒಮ್ಮೆ ಕೊಟ್ಟ ಮರವನ್ನು ಆರುಮುಗಂ ತೆಗೆದವನಲ್ಲ. ಗಣಿಯಲ್ಲಿ ಹಾಗೆ ತೆಗೆದ ಗೆಳೆಯ ಸೆಲ್ವರಾಜನನ್ನು ಬಂಡೆಯಡಿಯಿಂದ ಎಳೆದು ತಂದವನು ಅವನೇ.

"ತೆಗ್ದುಬಿಡಯ್ಯಾ, ನಮ್ ಕೈಲಿ ಗೋಡೆ ಕಟ್ಸಕ್ಕಾಯ್ತದಾ?" ಎಂದಳು ಅಮ್ಮಾಜಮ್ಮ.

ತೆಗೆದ. ಗೋಡೆ ಬೆರಳಗಲ ವಾಲಿ ನಿಂತಿತು. ಫೋಟೋ ಚೆನ್ನಾಗಿ ಬಂತು.

ನಾಲ್ಕನೇ ದಿನ ಮಧ್ಯಾಹ್ನ ಮಾರಿಕುಪ್ಪಂ ಕಡೆಯಿಂದ ಮೋಡ ಕವಿದು ಮಳೆ ಹಿಡಿಯಿತು. ಬಂಗಾರಪೇಟೆಯಿಂದ ಬಾಣಂತನಕ್ಕೆ ಬಂದಿದ್ದ ಮಗಳು ಶ್ಯಾಮಲಾ ಆ ಗೋಡೆಯ ಮಗ್ಗುಲಲ್ಲೇ ತೊಟ್ಟಿಲಿಟ್ಟು ಕೂಸು ಮಲಗಿಸಿದ್ದಳು. ಆರುಮುಗಂ ಅಂಗಳದಲ್ಲಿದ್ದ ಮರ ಎತ್ತಿಕೊಂಡ. ಅಮ್ಮಾಜಮ್ಮ ಅಡ್ಡ ನಿಂತಳು.

"ಬ್ಯಾಡ ಕಣಯ್ಯಾ. ವಜಾ ಮಾಡ್ಬಿಡ್ತಾರೆ."

ಅವನು ಅವಳ ಮುಖ ನೋಡಿದ. ಅಷ್ಟರಲ್ಲಿ ಗೋಡೆಯೊಳಗೆ 'ಟಿಕ್' ಎಂದಿತು. ಬಂಡೆ ಕಳಚುವ ಮುಂಚೆ ಅನ್ನುವ ಮಾತು ಅದು, ಅವನಿಗೆ ಗೊತ್ತು.

"ಶ್ಯಾಮಲಾ! ಕೂಸೆತ್ಕೊಂಡು ಈಚೆ ಬಾ!"

ಅವಳು ಹೊಸ್ತಿಲು ದಾಟಿದಳೋ ಇಲ್ಲವೋ, ಗೋಡೆ ಕುಳಿತುಬಿಟ್ಟಿತು. ಅದರ ಮೇಲೆ ಚಾವಣಿಯ ಶೀಟುಗಳು ಬಿದ್ದವು. ಖಾಲಿ ತೊಟ್ಟಿಲು ಅದರಡಿ ಹೋಯಿತು.

ನಾಲ್ಕು ಜೀವ ಮಳೆಯಲ್ಲಿ ನಿಂತವು. ಅಮ್ಮಾಜಮ್ಮ ಅರ್ಜಿಯ ಪ್ರತಿಯನ್ನು ಸೆರಗಿನೊಳಗೆ ನೆನೆಯದಂತೆ ಮುಚ್ಚಿಕೊಂಡಿದ್ದಳು. ಆರುಮುಗಂ ಉಳಿದ ಗೋಡೆಗಳನ್ನು ಒಂದೊಂದಾಗಿ ನೋಡಿದ; ಎಲ್ಲಕ್ಕೂ ಬಿರುಕು. ಮಾರಿಯಮ್ಮ ತಾಯಿಗೆ ಕೈಮುಗಿಯೋಣವೆಂದರೆ ಎರಡು ಕೈಯಲ್ಲೂ ಮರವಿತ್ತು. ಅದನ್ನು ಯಾವ ಗೋಡೆಗೆ ಕೊಡುವುದೆಂದು ತಿಳಿಯದೆ ಹಾಗೇ ನಿಂತಿದ್ದ.