ಏಳನೇ ಬಾವಿಗೆ ಬರೆಯಬೇಕಾದ ಪದ

ಈ ಕಥೆಯನ್ನು ಕೆರೆಯಿಂದ ಶುರು ಮಾಡಲೋ, ಬಾವಿಯಿಂದಲೋ? ಕೆರೆಯಿಂದ ಶುರು ಮಾಡಿದರೆ ನೀವು 'ಅಯ್ಯೋ, ಇನ್ನೊಂದು ಬತ್ತಿದ ಕೆರೆ' ಎಂದು ಪುಟ ತಿರುಗಿಸುತ್ತೀರಿ. ಬಾವಿಯಾದರೆ ಇಣುಕಿಯಾದರೂ ನೋಡುತ್ತೀರಿ. ಬಾವಿ ಕಂಡು ಇಣುಕದೆ ಹೋದವರನ್ನು ನಾನಂತೂ ನೋಡಿಲ್ಲ.

ಆದರೆ ಈ ಬಾವಿಯಲ್ಲಿ ಇಣುಕಲು ಏನೂ ಇಲ್ಲ. ಅಂಗೈಯಗಲದ ಕಬ್ಬಿಣದ ಕೊಳವೆ, ಅದಕ್ಕೊಂದು ಮುಚ್ಚಳ, ಮುಚ್ಚಳಕ್ಕೊಂದು ಬೀಗ. ಬೀಗದ ಕೈ ಅಳತೆಯಮ್ಮನ ಬ್ಯಾಗಿನಲ್ಲಿ.

(ಮೊದಲ ಕರಡಿನಲ್ಲಿ ಅವಳಿಗೊಂದು ಚೆಂದದ ಹೆಸರಿಟ್ಟಿದ್ದೆ. ಇಡೀ ಬೀದಿಯೇ ಅಳತೆಯಮ್ಮ ಅನ್ನುವಾಗ ನನ್ನದೇನು ಹೆಚ್ಚುಗಾರಿಕೆ ಎಂದು ಹೊಡೆದುಹಾಕಿದೆ.)

೧

ನೀರಿನ ಇಲಾಖೆಯಲ್ಲಿ ಅವಳಿಗೆ ಇಪ್ಪತ್ತಾರು ವರ್ಷದ ಸರ್ವಿಸು. ಪ್ರತಿ ತಿಂಗಳ ಒಂದನೇ ತಾರೀಕು ಬೆಳಿಗ್ಗೆ ಕೆರೆಯ ಸುತ್ತಲಿನ ಒಂಬತ್ತು ಅಳತೆ ಬಾವಿಗಳಿಗೆ ಹೋಗುತ್ತಾಳೆ. ಟೇಪಿನ ತುದಿಗೆ ಕಟ್ಟಿದ ಗುಂಡನ್ನು ಕೊಳವೆಯೊಳಗೆ ಇಳಿಬಿಡುತ್ತಾಳೆ. ಗುಂಡು ನೀರಿಗೆ ತಾಗಿ 'ಟಪ್' ಅಂದ ಕೂಡಲೇ, ನೀರು ಎಷ್ಟು ಮೀಟರ್ ಕೆಳಗಿದೆ ಎಂದು ಪುಸ್ತಕದಲ್ಲಿ ಬರೆಯುತ್ತಾಳೆ. ಕೆಲಸ ಇಷ್ಟೇ. ಅವಳು ಸೇರಿದ ವರ್ಷ ಏಳನೇ ಬಾವಿಯಲ್ಲಿ ಒಂಬತ್ತು ಮೀಟರಿಗೇ ನೀರು ಸಿಗುತ್ತಿತ್ತು. ಆಮೇಲೆ ಹದಿನಾಲ್ಕಾಯಿತು, ಇಪ್ಪತ್ತಾಯಿತು, ಇಪ್ಪತ್ತೇಳಾಯಿತು.

ಏಳನೇ ಬಾವಿ ಇರುವುದು ಅವಳ ಅಕ್ಕನ ಲಾಂಡ್ರಿಯ ಹಿತ್ತಲಲ್ಲಿ. ತಾಯಿ ತೀರಿಕೊಂಡಾಗ ಇವಳಿಗೆ ಆರು ವರ್ಷ, ಅಕ್ಕನಿಗೆ ಹದಿನೇಳು. ಜಡೆ ಹಾಕಿದ್ದು, ತುತ್ತಿಟ್ಟಿದ್ದು, ಬೆನ್ನಿಗೆ ಗುದ್ದಿ ಓದಿಸಿದ್ದು ಎಲ್ಲ ಅಕ್ಕನೇ. ಊರಿನ ದೊಡ್ಡಾಸ್ಪತ್ರೆಯ ಚಾದರ, ದಿಂಬಿನ ಚೀಲ, ಡಾಕ್ಟರ ಕೋಟುಗಳೆಲ್ಲ ಬರುವುದು ಅಕ್ಕನ ಲಾಂಡ್ರಿಗೆ. ಹನ್ನೊಂದು ಹೆಂಗಸರಿಗೆ ಅಲ್ಲಿ ಕೆಲಸ.

ಈ ಬೇಸಿಗೆಯಲ್ಲಿ ಒಂದು ಒಂದನೇ ತಾರೀಕು ಗುಂಡು ಇಳಿಯಿತು, ಇನ್ನೂ ಇಳಿಯಿತು, ಮೂವತ್ತೆರಡು ಮೀಟರಿಗೆ ಕಲ್ಲಿಗೆ ಬಡಿದು ನಿಂತಿತು. ಮೇಲೆಳೆದು ನೋಡಿದಳು. ಗುಂಡಿಗೆ ಒಣ ಮಣ್ಣಿನ ಪುಡಿ ಹತ್ತಿತ್ತು. ಒರೆಸಿ ಮತ್ತೆ ಇಳಿಸಿದಳು. ಮತ್ತೆ ಅದೇ.

ಇಲಾಖೆಯ ನಿಯಮ ಖಡಾಖಂಡಿತ. ಅಳತೆ ಬಾವಿ ಬತ್ತಿದರೆ 'ಒಣ' ಎಂದು ಬರೆಯಬೇಕು. ಬರೆದರೆ ಸುತ್ತಮುತ್ತ ವ್ಯಾಪಾರಕ್ಕೆ ನೀರೆತ್ತುವ ಬೋರುಗಳಿಗೆಲ್ಲ ಸೀಲು. ಎಲ್ಲಕ್ಕಿಂತ ಹತ್ತಿರದ ಬೋರು ಅಕ್ಕನದು.

೨

ಎರಡನೇ ಕರಡಿನಲ್ಲಿ ಅಳತೆಯಮ್ಮನ ಕೈಯಲ್ಲಿ ಸುಳ್ಳು ಬರೆಸಿದೆ. 'ಮೂವತ್ತೊಂದೂವರೆ ಮೀಟರ್' ಎಂದು ಬರೆದು ಅವಳು ಪುಸ್ತಕ ಮುಚ್ಚಿದಳು. ನಾನು ನನ್ನ ಬೆನ್ನು ನಾನೇ ತಟ್ಟಿಕೊಂಡೆ. ಒಳತೋಟಿ, ಪಾಪಪ್ರಜ್ಞೆ, ವಿಮರ್ಶಕರಿಗೆ ಬೇಕಾದ ಸಾಮಾನೆಲ್ಲ ಒಂದೇ ವಾಕ್ಯದಲ್ಲಿ! ಅಷ್ಟರಲ್ಲಿ ಅವಳು ಪುಟದೊಳಗಿಂದಲೇ ಗದರಿದಳು.

"ನಾನು ಯಾವಾಗ ರೀ ಸುಳ್ಳು ಬರೆದೆ?"

"ಅಲ್ಲ, ಅಕ್ಕನಿಗೋಸ್ಕರ..."

"ಜ್ವರ ಬಂದ ದಿನಾನೂ ಅಂದಾಜಿಗೆ ಬರೆದವಳಲ್ಲ ನಾನು. ನಿಮ್ಮ ಕಥೆಗೆ ರುಚಿ ಬರಲಿ ಅಂತ ಈಗ ಬರೀಬೇಕಾ?"

"ಹಾಗಾದರೆ 'ಒಣ' ಅಂತ ಬರೆದ್ರಾ?"

ಅವಳು ಪುಸ್ತಕ ಮತ್ತೆ ತೆರೆದಳು. ಆಮೇಲೆ ಮೆಲ್ಲಗೆ ಅಂದಳು, "ಅದೂ ಆಗಲಿಲ್ಲ. ಆ ಜಾಗ ಖಾಲಿ ಬಿಟ್ಟೆ."

(ಓದುಗರೇ, ಮೇಲಿನ ಸುಳ್ಳು ನನ್ನದು. ದಯವಿಟ್ಟು ಅವಳ ತಲೆಗೆ ಕಟ್ಟಬೇಡಿ.)

೩

ಖಾಲಿ ಬಿಟ್ಟ ಪುಸ್ತಕವನ್ನು ಬ್ಯಾಗಿನಲ್ಲಿಟ್ಟುಕೊಂಡು ಅವಳು ಕಚೇರಿಗೆ ಹೋದಳು. ಅಲ್ಲಿಯ ಎಂಜಿನಿಯರ್ ಅವಳ ಮಗಳ ವಯಸ್ಸಿನ ಹುಡುಗಿ. ನೇರ ಕೇಳುವ ಧೈರ್ಯವಾಗದೆ ಅಳತೆಯಮ್ಮ ಸುತ್ತಿ ಬಳಸಿ ಕೇಳಿದಳು.

"ಮೇಡಂ, ಮಳೆಯೇನು ಕಡಿಮೆಯಾಗಿಲ್ಲ ಅಲ್ವಾ? ಹೋದ ವರ್ಷ ಬಸ್ಸುಗಳೇ ಮುಳುಗಿದ್ವು. ಆ ನೀರೆಲ್ಲ ಎಲ್ಲಿ ಹೋಯ್ತು?"

"ಒಟ್ಟು ಮಳೆ ಹೆಚ್ಚುಕಡಿಮೆ ಅಷ್ಟೇ ಇದೆ ಅಮ್ಮಾ. ಬರೋ ರೀತಿ ಬದಲಾಗಿದೆ," ಎಂದಳು ಹುಡುಗಿ. "ಮುಂಚೆ ಅರವತ್ತು ದಿನ ಸೋನೆ ಹಿಡೀತಿತ್ತು. ಈಗ ಹದಿನೈದೇ ದಿನ, ಆಕಾಶ ಹರಿದ ಹಾಗೆ. ಬಾಯಾರಿದವರ ಮುಖಕ್ಕೆ ಬಕೆಟ್ ನೀರು ಎರಚಿದ್ರೆ ಕುಡಿಯೋಕಾಗುತ್ತಾ? ನೆಲಕ್ಕೂ ಅಷ್ಟೇ. ಇಂಗೋ ಮೊದಲೇ ಹರಿದು ಹೋಗುತ್ತೆ."

"ಮತ್ತೆ ಕೆರೆ?"

"ಮೊದಲು ಬೇಸಿಗೇಲಿ ಕೆರೆ ತಗ್ಗಿದ್ರೆ ನೆಲದೊಳಗಿನ ನೀರು ಅಡಿಯಿಂದ ಜಿನುಗಿ ಕಾಪಾಡ್ತಿತ್ತು. ಈಗ ಸೆಕೆ ಹೆಚ್ಚಾಗಿದೆ. ಕೆರೆ ಆವಿಯಾಗುತ್ತೆ, ನಾವೂ ಬೋರಿಂದ ಜಾಸ್ತಿ ಎತ್ತುತೀವಿ. ನೆಲದ ನೀರು ಕೆರೆಗಿಂತ ಕೆಳಗಿಳಿದಿದೆ. ಹಾಗಾಗಿ ಕೆರೆಯೇ ಸೋರಿ ಸೋರಿ ನೆಲಕ್ಕೆ ಕೊಡ್ತಿದೆ."

ಅಳತೆಯಮ್ಮನಿಗೆ ಪುಸ್ತಕ ಹೊರಗೆ ತೆಗೆಯಲು ಕೈ ಬರಲಿಲ್ಲ. ನಾಳೆ ಕೊಡುತ್ತೇನೆ ಎಂದು ಹೊರಟುಬಿಟ್ಟಳು.

(ಸಾಕಿದವರು, ಸಾಕಿಸಿಕೊಂಡವರು, ಪಾತ್ರ ಅದಲುಬದಲು. ಇದು ಅಕ್ಕತಂಗಿಯರ ಬಗ್ಗೆಯೇ ಹೇಳಿದ ಮಾತು ಎಂದು ಇಲ್ಲಿ ಮೆರೆಯೋಣ ಎಂದುಕೊಂಡಿದ್ದೆ. ಬೇಡ. ಹುಡುಗಿ ಹೇಳಿದ್ದು ನೀರಿನ ಬಗ್ಗೆ. ನೀರಿನ ಬಗ್ಗೆಯೇ ಇರಲಿ.)

೪

ಅಲ್ಲಿಂದ ನೆಟ್ಟಗೆ ಲಾಂಡ್ರಿಗೆ ಬಂದಳು. ಅಕ್ಕ ಒಬ್ಬಳೇ ಚಾದರ ಮಡಿಸುತ್ತಿದ್ದಳು. ಇವಳು ಅಭ್ಯಾಸದಂತೆ ಇನ್ನೊಂದು ತುದಿ ಹಿಡಿದಳು. ಬಿಳಿ ಚಾದರ ಯಾಕೋ ಕಂದಿದ ಹಾಗೆ ಕಂಡಿತು.

"ಅಕ್ಕಾ, ಏಳನೇ ಬಾವಿ..."

"ಒಣಗಿದೆ," ಅಂದಳು ಅಕ್ಕ.

"ನಿನಗೆ ಹೇಗೆ ಗೊತ್ತು?"

"ಎರಡು ತಿಂಗಳಿಂದ ನಮ್ಮ ಬೋರಲ್ಲಿ ಕೆಸರು ಬರ್ತಿದೆ. ನೀನು ಬರದ ಹೊತ್ತು ನೋಡಿ ಟ್ಯಾಂಕರ್ ತರಿಸ್ತೀನಿ."

"ನನಗ್ಯಾಕೆ ಹೇಳಲಿಲ್ಲ?"

"ಹೇಳಿದ್ರೆ ನೀನು ಬರೀಬೇಕಾಗ್ತಿತ್ತು. ಬರೆದು, ಅಕ್ಕನ ಅನ್ನಕ್ಕೆ ಕಲ್ಲು ಹಾಕಿದೆ ಅಂತ ಕೊರಗ್ತಿದ್ದೆ. ನಿನ್ನ ನನಗೆ ಗೊತ್ತಿಲ್ವಾ?"

ಅಳತೆಯಮ್ಮ ಚಾದರದ ತುದಿ ಬಿಟ್ಟಳು. ಪುಸ್ತಕ ತೆಗೆದು ತೋರಿಸಿದಳು. ಅಕ್ಕ ಕನ್ನಡಕ ಏರಿಸಿ, ಸಾಲಾಗಿ ಬೆರಳಾಡಿಸುತ್ತಾ ಬಂದು ಖಾಲಿ ಜಾಗದಲ್ಲಿ ನಿಂತಳು.

"ಇದೇನಿದು?"

"ಬರೆದ್ರೆ ನಿನ್ನ ಬೋರಿಗೆ ಸೀಲು ಬೀಳುತ್ತೆ."

"ಕೆಸರಿಗೆ ಸೀಲು ಹಾಕೊಳ್ಳಲಿ ಬಿಡು! ಬರಿ. ಒದ್ದಾಡಿ ನಿನ್ನ ಓದಿಸಿದ್ದು ಹೀಗೆ ಖಾಲಿ ಬಿಡೋಕಲ್ಲ."

ಇಸ್ತ್ರಿ ಮೇಜಿನ ಮೇಲೇ ಪುಸ್ತಕವಿಟ್ಟು ತಂಗಿ ಬರೆದಳು: ಒಣ. ಎರಡೇ ಅಕ್ಷರ. ಅಕ್ಕ ಅದನ್ನು ನೋಡಿದಳು, ಚಾದರ ಅಲ್ಲೇ ಬಿಟ್ಟು ಒಳಗೆ ಹೋದಳು. 'ಬರಿ' ಅನ್ನುವುದು ಬೇರೆ, ಬರೆದದ್ದನ್ನು ನೋಡುವುದು ಬೇರೆ.

೫

ಇನ್ನು ಮುಕ್ತಾಯ. ನನ್ನ ಹತ್ತಿರ ಎರಡಿದ್ದವು.

ಒಂದು: ಎಂಟು ದಿನ ಬಿಡದೆ ಮಳೆ ಹೊಯ್ಯಿತು, ಬಾವಿ ತುಂಬಿತು.

"ಇಪ್ಪತ್ತಾರು ವರ್ಷ ಇಳಿದದ್ದು ಎಂಟು ದಿನಕ್ಕೆ ಏರುತ್ತಾ?" ಅಂದಳು ಅಳತೆಯಮ್ಮ. "ಎಂಜಿನಿಯರ್ ಹೇಳೋವಾಗ ನಿದ್ದೆ ಮಾಡ್ತಿದ್ರಾ?"

ಇನ್ನೊಂದು: ಲಾಂಡ್ರಿ ಮುಚ್ಚಿತು, ಅಕ್ಕ ಕೊರಗಿ ಕೊರಗಿ ಹಾಸಿಗೆ ಹಿಡಿದಳು.

"ಏನ್ರೀ, ನನ್ನ ಕೈಕಾಲು ಗಟ್ಟಿಯಾಗೇ ಇವೆ," ಎಂದು ಅಕ್ಕ ಎದ್ದು ಬಂದಳು. "ಕಣ್ಣೀರು ಬೇಕಿದ್ರೆ ಮನೇಲಿ ಕೂತು ಈರುಳ್ಳಿ ಹೆಚ್ಚಿ."

ಎರಡನ್ನೂ ಹರಿದು ಹಾಕಿದೆ. ನಡೆದದ್ದನ್ನು ನಡೆದ ಹಾಗೆ ಹೇಳುತ್ತೇನೆ. ಬೋರಿಗೆ ಸೀಲು ಬಿತ್ತು. ಬರೀ ಟ್ಯಾಂಕರ್ ನೀರು ಕೊಂಡು ನಡೆಸಲಾಗದೆ ಲಾಂಡ್ರಿಯಂತೂ ಮುಚ್ಚಿತು. ಅಕ್ಕ ಹದಿನೈದು ದಿನ ತಂಗಿಯ ಜೊತೆ ಮಾತಾಡಲಿಲ್ಲ. ಹದಿನಾರನೇ ದಿನ ಏನೂ ಆಗದವಳ ಹಾಗೆ ಬಂದು 'ಊಟ ಆಯ್ತಾ' ಅಂದಳು. ಆಸ್ಪತ್ರೆಯವರು ಒಗೆದ ನೀರನ್ನೇ ಸೋಸಿ ಮತ್ತೆ ಬಳಸುವ ಯಂತ್ರವನ್ನು ತಮ್ಮ ಕಟ್ಟಡದಲ್ಲೇ ಹಾಕಿಸಿದರು. ಅಕ್ಕ ಏಳು ಹೆಂಗಸರನ್ನು ಕರೆದುಕೊಂಡು ಅಲ್ಲಿಗೆ ಕೆಲಸಕ್ಕೆ ಹೋದಳು. ಒಡತಿಯಾಗಿದ್ದವಳು ಈಗ ಬೇರೆಯವರ ಗಂಟೆಗೆ ಏಳುತ್ತಾಳೆ, ಕೂರುತ್ತಾಳೆ. ಉಳಿದ ನಾಲ್ವರಿಗೆ ಅಲ್ಲಿ ಜಾಗವಿರಲಿಲ್ಲ. ಅವರಲ್ಲೊಬ್ಬಳು ಬೀದಿಯಲ್ಲಿ ಎದುರಾದರೆ ಅಳತೆಯಮ್ಮನ ಮುಖ ನೋಡುವುದಿಲ್ಲ. ಅದು ಇವಳನ್ನು ಮುಳ್ಳಿನ ಹಾಗೆ ಚುಚ್ಚುತ್ತದೆ. ತಪ್ಪು ತನ್ನದಲ್ಲ ಎಂದು ಗೊತ್ತಿದ್ದರೂ ಚುಚ್ಚುತ್ತದೆ.

ಮಳೆಗಾಲ ಕಳೆದ ಮೇಲೆ ಏಳನೇ ಬಾವಿಯ ತಳದಲ್ಲಿ ಒಂದು ಗೇಣು ನೀರು ಸಿಕ್ಕಿತು. ಬೋರುಗಳು ನಿಂತದ್ದಕ್ಕೋ, ಎಲ್ಲಿಂದಲೋ ಜಿನುಗಿದ್ದಕ್ಕೋ, ಎಂಜಿನಿಯರ್ ಹುಡುಗಿಗೂ ಗೊತ್ತಿಲ್ಲ. ಹಬ್ಬ ಮಾಡುವಷ್ಟಲ್ಲ, ಅಳುವಷ್ಟೂ ಅಲ್ಲ.

೬

(ಇಲ್ಲಿಗೆ ನಿಲ್ಲಿಸಿದ್ದೆ. ಅವರು ನಿಲ್ಲಿಸಲಿಲ್ಲ.)

ಮೊನ್ನೆ ಭಾನುವಾರ ಸಂಜೆ ಅಕ್ಕತಂಗಿ ಕೆರೆಯ ಕಡೆ ನಡೆದರು. ನೀರು ದೂರದಲ್ಲಿ ತಟ್ಟೆಯಷ್ಟು ಹೊಳೆಯುತ್ತಿತ್ತು. ಒಣಗಿದ ತಳದ ಮೇಲೆ ಬಹಳ ದೂರ ಹೋಗಿ ಅಕ್ಕ ನಿಂತಳು.

"ನಿನಗೆ ಈಜು ಕಲಿಸಿದ್ದು ಇಲ್ಲೇ."

"ಇಲ್ಲೆಲ್ಲಿ? ಇಲ್ಲಿ ನಾನು ಮುಳುಗಿಹೋಗ್ತಿದ್ದೆ. ಇನ್ನೂ ದಡದ ಹತ್ತಿರ!"

ತಂಗಿ ವಾಪಸು ನಲವತ್ತು ಹೆಜ್ಜೆ ನಡೆದು ನಿಂತಳು. ಅವಳ ಪುಸ್ತಕಗಳಲ್ಲಿ ಇಪ್ಪತ್ತಾರು ವರ್ಷವಿದೆ. ಅದಕ್ಕೂ ಹಿಂದಿನದ್ದನ್ನು ಯಾರೂ ಅಳೆದಿರಲಿಲ್ಲ.

"ಇಲ್ಲಿ!"

"ಅಲ್ಲ ಅಂದ್ರೆ ಅಲ್ಲ, ಇಲ್ಲಿ!"

ಆಮೇಲೆ ಇಬ್ಬರೂ ನನ್ನ ಕಡೆ ತಿರುಗಿದರು. "ನೀವೇ ಹೇಳಿ. ಬರೆಯೋರು ನೀವಲ್ವಾ?"

ನನಗೆ ಹೇಗೆ ಗೊತ್ತಿರಬೇಕು?

ಅಕ್ಕ ತಾನು ನಿಂತಲ್ಲೇ ಎದೆಯ ಮಟ್ಟಕ್ಕೆ ಕೈ ಅಡ್ಡ ಹಿಡಿದು ತೋರಿಸಿದಳು, ನೀರು ಇಷ್ಟಿತ್ತು. ತಂಗಿ ಅಲ್ಲಿಂದಲೇ ಗಲ್ಲದ ಕೆಳಗೆ ಕೈ ಹಿಡಿದಳು, ಇಷ್ಟು. ಇಬ್ಬರೂ ಇನ್ನೂ ಕೈ ಇಳಿಸಿಲ್ಲ.