ಅರ್ತಿನ ತಂತಿ

ಸೈಕಲ್ಲಿನ ಕ್ಯಾರಿಯರಿಗೆ ಹಗ್ಗದಿಂದ ಬಿಗಿದಿದ್ದ ಅಂಪ್ಲಿಫೈಯರನ್ನು ಒಂದು ಕೈಯಲ್ಲಿ ಒತ್ತಿ ಹಿಡಿದುಕೊಂಡು ಅಯ್ಯೂಬ್ ಗೇಟು ದಾಟಿ ಬರುವಾಗ ಆಂಬ್ರೋಸ್ ತನ್ನ ಡಬಲ್ ಬೇಸಿನ ತಂತಿಗಳಿಗೆ ಶ್ರುತಿ ಕೂಡಿಸುತ್ತಿದ್ದ. ಆಳೆತ್ತರದ ಆ ವಾದ್ಯದ ಕುತ್ತಿಗೆಯ ಮರೆಯಿಂದ ಅವನಿಗೆ ಮೊದಲು ಕಂಡದ್ದು ಸೈಕಲ್ಲಿನ ಚಕ್ರ, ಆಮೇಲೆ ಬಿಳಿ ಟೊಪ್ಪಿ. ಬಿರಟೆ ತಿರುಗಿಸುತ್ತಿದ್ದ ಕೈ ಅಲ್ಲೇ ನಿಂತಿತು.

ಪ್ರತಿ ಭಾನುವಾರ ಇಗರ್ಜಿಯಿಂದ ಬಂದ ಮೇಲೆ ಬೆಂದೂರಿನ ರಾಫೆಲನ ಮನೆಯ ಜಗಲಿಯಲ್ಲಿ ಬ್ಯಾಂಡಿನವರ ಅಭ್ಯಾಸ. ರಾಫೆಲ್ ಟ್ರಂಪೆಟ್ ಊದುತ್ತಿದ್ದ, ಬ್ಯಾಂಡಿಗೆ ಯಜಮಾನನೂ ಅವನೇ. ಮದುವೆ ಮನೆಗಳಲ್ಲಿ ಅವರು ನುಡಿಸುತ್ತಿದ್ದದ್ದೆಲ್ಲ ಬೇರೆಯವರ ಹಾಡುಗಳು. ಗ್ರಾಮೊಫೋನ್ ತಟ್ಟೆಯನ್ನು ತಿರುತಿರುಗಿಸಿ ಕಲಿತ ವಾಲ್ಟ್ಸುಗಳು, ರೇಡಿಯೋದಿಂದ ಹಿಡಿದ ಹಿಂದಿ ಸಿನಿಮಾದ ಹಾಡುಗಳು. ಜನರಿಗೆ ಬೇಕಾದದ್ದೂ ಅದೇ. ಈ ಮೇ ತಿಂಗಳ ತನಕ ಅವನ್ನೆಲ್ಲ ಹಾಡುತ್ತಿದ್ದವಳು ಒಲಿಂಡಾ. ಮೈಕು, ಅಂಪ್ಲಿಫೈಯರು, ಸ್ಪೀಕರುಗಳನ್ನು ತರುತ್ತಿದ್ದವನು ಕಂಕನಾಡಿಯ ಅಯ್ಯೂಬ್. ಈಗ ಆಗಸ್ಟ್. ಮೂರು ತಿಂಗಳಿಂದ ಇಬ್ಬರೂ ಈ ಜಗಲಿ ಹತ್ತಿರಲಿಲ್ಲ.

"ಎಂತ ಅಯ್ಯೂಬ್, ಇಲ್ಲಿಗೆ?" ರಾಫೆಲನ ಸ್ವರದಲ್ಲಿ ಬಾ ಎನ್ನುವ ಭಾವವಿರಲಿಲ್ಲ.

"ಇದನ್ನು ಕೊಟ್ಟು ಹೋಗುವ ಅಂತ ಬಂದೆ. ಅಂಗಡಿ ಮುಚ್ಚಿದೆ. ಉಳ್ಳಾಲದಲ್ಲಿ ನನ್ನ ಭಾವನದ್ದು ಒಣಮೀನಿನ ವ್ಯಾಪಾರ ಉಂಟಲ್ಲ, ಇನ್ನು ಅಲ್ಲಿಯೇ."

"ನಮಗೆ ಎಂತಕ್ಕೆ ಇದು?"

ಅಯ್ಯೂಬ್ ಹಗ್ಗದ ಗಂಟು ಬಿಚ್ಚಿದ. ಬಿಚ್ಚಿದ ಮೇಲೂ ಗಂಟು ಇದ್ದ ಜಾಗವನ್ನು ಎರಡು ಸಲ ಬೆರಳಲ್ಲಿ ತಡವಿ ನೋಡಿದ. "ಬೇರೆಯವರಿಗೆ ಕೊಡ್ಲಿಕ್ಕೆ ನನಗೆ ಧೈರ್ಯ ಇಲ್ಲ. ಆಂಬ್ರೋಸ್ ಪೊರ್ಬುಗಳ ಹತ್ತಿರ ಇದ್ರೆ ನನಗೆ ಸಮಾಧಾನ. ಅವರದ್ದು ಜಾಗ್ರತೆಯ ಕೈ." ಕ್ರೈಸ್ತರನ್ನೆಲ್ಲ ಅವನು ಗೌರವದಿಂದ ಪೊರ್ಬುಗಳೆಂದೇ ಕರೆಯುತ್ತಿದ್ದ.

ಆಂಬ್ರೋಸ್ ಬೇಸನ್ನು ಗೋಡೆಗೆ ಒರಗಿಸಿದ. ಅದು ಜಾರೀತೆಂಬಂತೆ ಮತ್ತೊಮ್ಮೆ ಒರಗಿಸಿದ.

ಅವನ ಕೈ ಜಾಗ್ರತೆಯದ್ದೆಂದು ಊರಿಗೆಲ್ಲ ಗೊತ್ತಿತ್ತು. ಹಗಲಿಗೆ ಅವನು ಹಂಚಿನ ಕಾರ್ಖಾನೆಯಲ್ಲಿ ಅಚ್ಚುಗಳ ಬಡಗಿ. ಬೊಂಬಾಯಿಯ ಯಾವುದೋ ಹೋಟೆಲಿನವರು ಮುರಿದು ಎಸೆದಿದ್ದ ಆ ಬೇಸನ್ನು ಹಡಗಿನಲ್ಲಿ ತರಿಸಿ, ಎರಡು ವರ್ಷ ಕೂತು, ಹಲಸಿನ ಮರದ ತೇಪೆ ಹಾಕಿ ಜೀವ ಬರಿಸಿದವನು. ಬೇಸಿನವನು ಯಾವಾಗಲೂ ವೇದಿಕೆಯ ಹಿಂದೆ, ಅಂಪ್ಲಿಫೈಯರಿನ ಪಕ್ಕ ನಿಲ್ಲುವವನಾದ್ದರಿಂದ ಅದರ ಗುಂಡಿಗಳನ್ನು ಏರಿಸುವುದು ಇಳಿಸುವುದು, ಮೈಕು ಕೂಗಿಕೊಂಡರೆ ತಿರುಗಿಸಿ ಇಡುವುದು ಎಲ್ಲ ನಿಧಾನವಾಗಿ ಅವನ ಪಾಲಿಗೇ ಬಂದಿತ್ತು. ಅಯ್ಯೂಬನೇ ಎಲ್ಲವನ್ನೂ ಕಲಿಸಿಕೊಟ್ಟಿದ್ದ. ಆದರೆ ಅರ್ತಿನ ತಂತಿಯನ್ನು ಮಾತ್ರ ಅಯ್ಯೂಬ್ ಯಾರ ಕೈಗೂ ಬಿಟ್ಟವನಲ್ಲ. ಹೋದಲ್ಲೆಲ್ಲ ನೆಲಕ್ಕೆ ಒಂದು ಸರಳು ಹೊಡೆದು, ಅದರ ಬುಡಕ್ಕೆ ನೀರು ಹೊಯ್ದು, ಅಂಪ್ಲಿಫೈಯರಿನ ಕಬ್ಬಿಣದ ಮೈಯಿಂದ ಅದಕ್ಕೆ ತಾಮ್ರದ ತಂತಿ ಬಿಗಿಯುತ್ತಿದ್ದ. "ಒಳಗೆ ಎಲ್ಲಿಯಾದರೂ ಕರೆಂಟು ಸೋರಿದ್ರೆ ಅದು ಮಣ್ಣಿಗೆ ಹೋಗ್ಬೇಕು, ಮನುಷ್ಯನಿಗೆ ಅಲ್ಲ" ಎನ್ನುತ್ತಿದ್ದ.

ಮೇ ತಿಂಗಳ ಆ ಮದುವೆ ಒಬ್ಬ ಕಾಫಿ ವ್ಯಾಪಾರಿಯ ಮನೆಯದ್ದು. ಸಿಮೆಂಟಿನ ಅಂಗಳ ತುಂಬ ಚಪ್ಪರ, ನಾನೂರು ಜನ. ಸಂಜೆಗೆ ಒಂದು ಮಳೆ ಬಂದು ಹೋಗಿ ಅಂಗಳವೆಲ್ಲ ಒದ್ದೆ. ಮನೆಯವರ ರೇಡಿಯೋಗ್ರಾಮನ್ನೂ ಅಂಪ್ಲಿಫೈಯರಿಗೆ ಸೇರಿಸಿದ್ದರಿಂದ ಪೆಟ್ಟಿಗೆ ಸ್ಪೀಕರಿನೊಳಗೆ ಒಂದು ಗುಂಯ್ ಸದ್ದು ಹುಟ್ಟಿಕೊಂಡಿತ್ತು. ದೊಡ್ಡದೇನಲ್ಲ, ಕೋಣೆಯ ಮೂಲೆಯಲ್ಲಿ ಸಿಕ್ಕಿಕೊಂಡ ಜೇನುನೊಣದಷ್ಟು. ಆದರೆ ಅದರ ಸ್ವರ ಆಂಬ್ರೋಸನ ಬೇಸಿನ ಜಿ ತಂತಿಯ ಸ್ವರಕ್ಕಿಂತ ಕೂದಲೆಳೆಯಷ್ಟು ಮೇಲೆ ಕೂತಿತ್ತು. ತಂತಿ ಮೀಟಿದಾಗಲೆಲ್ಲ ಎರಡೂ ಸ್ವರಗಳು ಒಂದನ್ನೊಂದು ತಳ್ಳಾಡಿ ಅವನ ಹಲ್ಲಿನಲ್ಲಿ ನಡುಗುತ್ತಿದ್ದವು. ಅಂದು ರಾಫೆಲ್ ತೆಗೆದದ್ದೆಲ್ಲ ಜಿ ಶ್ರುತಿಯ ಹಾಡುಗಳೇ.

"ಎರಡು ಕಡೆ ಅರ್ತ್ ಆಗಿದೆ, ಅದಕ್ಕೇ ಆ ಸದ್ದು" ಅಂದ ಅಯ್ಯೂಬ್. "ಇರಲಿ. ಅವರ ರೇಡಿಯೋದ್ದು ಹೆಸರಿಗೆ ಮಾತ್ರ, ನಮ್ಮ ಅರ್ತೇ ಗಟ್ಟಿ. ಸದ್ದಿನಿಂದ ಎಂತದೂ ಆಗುವುದಿಲ್ಲ. ಮಗ್ರಿಬ್ ಆಯ್ತು, ನಾನು ನಮಾಜು ಮಾಡಿ ಬರ್ತೇನೆ. ಸ್ವಲ್ಪ ನೋಡಿಕೊಳ್ಳಿ ಪೊರ್ಬುಗಳೇ."

"ನೀವು ಹೋಗಿ ಅಯ್ಯೂಬಾಕ, ನಾನಿದ್ದೇನಲ್ಲ" ಎಂದಿದ್ದ ಆಂಬ್ರೋಸ್.

ಅಯ್ಯೂಬ್ ಮನೆಯ ಹಿಂದೆ ಮರೆಯಾದ ಮೇಲೆ, ಎರಡು ಹಾಡುಗಳ ನಡುವೆ, ಆಂಬ್ರೋಸ್ ಜೇಬಿನಿಂದ ಸ್ಕ್ರೂಡ್ರೈವರ್ ತೆಗೆದ. ಒಂದೇ ಒಂದು ತಿರುಪು. ಸದ್ದು ನಿಂತಿತು. ಚಪ್ಪರದೊಳಗೆ ಕಿಟಕಿ ತೆರೆದ ಹಾಗಾಯಿತು ಅವನಿಗೆ. ಬಡಗಿಯ ಅಭ್ಯಾಸದಂತೆ, ಕಳಚಿದ ಅರ್ತಿನ ತಂತಿಯನ್ನು ಅಚ್ಚುಕಟ್ಟಾಗಿ ಸುರುಳಿ ಸುತ್ತಿ ಸರಳಿನ ತಲೆಗೆ ನೇತು ಹಾಕಿದ. ಆಮೇಲಿನ ಒಂದು ಹಾಡಿಗೆ ಅವನು ನುಡಿಸಿದಷ್ಟು ಚೆನ್ನಾಗಿ ಬದುಕಿನಲ್ಲಿ ಎಂದೂ ನುಡಿಸಿರಲಿಲ್ಲ.

ಮುಂದಿನ ಹಾಡಿಗೆ ಒಲಿಂಡಾ ಕಾಲು ನೋವೆಂದು ಎತ್ತರ ಹಿಮ್ಮಡಿಯ ಚಪ್ಪಲಿ ಬಿಚ್ಚಿ ಬದಿಗಿಟ್ಟಳು. ಮೈಕಿನ ಸ್ಟ್ಯಾಂಡನ್ನು ಎತ್ತಿ ಕುಣಿಯುವವರ ಹತ್ತಿರಕ್ಕೆ ಒಯ್ದು ಒದ್ದೆ ಸಿಮೆಂಟಿನ ಮೇಲೆ ಬರಿಗಾಲಲ್ಲಿ ನಿಂತು, ಸ್ಟ್ಯಾಂಡನ್ನು ಹಿಡಿದು, ಮೈಕಿಗೆ ತುಟಿ ತಾಗಿಸಿ ಮೊದಲ ಪದ ಎತ್ತಿಕೊಂಡಳು. ಆ ಪದ ಮುಗಿಯಲಿಲ್ಲ, ಕರೆಂಟು ಹಿಡಿದು ಚೀತ್ಕಾರವಾಯಿತು. ಜನ ಅದನ್ನೂ ಹಾಡೆಂದೇ ತಿಳಿದು ಒಂದು ಗಳಿಗೆ ಕುಣಿಯುತ್ತಲೇ ಇದ್ದರು. ಹಿಂದಿನಿಂದ ಬರಿತಲೆಯಲ್ಲಿ ಓಡಿಬಂದ ಅಯ್ಯೂಬ್ ಮೈನ್ ಸ್ವಿಚ್ಚು ಎಳೆದ ಮೇಲೆಯೇ ಅವಳ ಕೈ ಬಿಟ್ಟದ್ದು. ದೀಪವೆಲ್ಲ ಆರಿ, ಕತ್ತಲಲ್ಲಿ ಅವಳು ಬಿದ್ದ ಸದ್ದು ಆಂಬ್ರೋಸನಿಗೆ ಕೇಳಿತು.

ಜೀವ ಉಳಿಯಿತು. ಕೆಳತುಟಿ ಸುಟ್ಟಿತ್ತು, ಎಡಗೈ ಮುರಿದಿತ್ತು. ಇಪ್ಪತ್ಮೂರರ ಆ ಹುಡುಗಿ ಆಮೇಲೆ ಮೈಕಿನ ಮುಂದೆ ಮಾತ್ರವಲ್ಲ, ಇಗರ್ಜಿಯ ಗಾಯನ ಮಂಡಳಿಯಲ್ಲೂ ಬಾಯಿ ತೆರೆಯಲಿಲ್ಲ.

ಅಂದು ಟಾರ್ಚ್ ಹಿಡಿದು ನೋಡಿದವರಿಗೆ ಕಂಡದ್ದು ಸರಳಿನ ತಲೆಯಲ್ಲಿದ್ದ ಆ ಚೆಂದದ ಸುರುಳಿ. ಕಿತ್ತು ಬಂದ ತಂತಿಯಾಗಿದ್ದರೆ ಹಾಗಿರುತ್ತಿರಲಿಲ್ಲ. ಕಟ್ಟಲು ತಂದು, ಮರೆತು, ಹಾಗೆಯೇ ಬಿಟ್ಟದ್ದು ಎಂದು ಯಾರಿಗಾದರೂ ತೋರುವಂತಿತ್ತು. "ನಾನು ಕಟ್ಟಿದ್ದೇನೆ, ನನ್ನ ಕೈಯಾರೆ ಕಟ್ಟಿದ್ದೇನೆ" ಎಂದು ಅಯ್ಯೂಬ್ ಹೇಳುತ್ತಲೇ ಇದ್ದ. "ಕಟ್ಟಿದ್ರೆ ಇದು ಎಂತದು?" ಎಂದು ರಾಫೆಲ್ ಸುರುಳಿಯನ್ನು ಅವನ ಮುಖಕ್ಕೆ ಹಿಡಿದ. ಮದುಮಗಳ ತಂದೆ, ಕೆಲಸ ಬಿಟ್ಟು ನಮಾಜಿಗೆ ಹೋದವನೆಂದು ಇನ್ನೂ ಏನೇನೋ ಅಂದ. ಆಂಬ್ರೋಸ್ ಎರಡು ಮಾರು ದೂರದಲ್ಲಿ ಬೇಸನ್ನು ತಬ್ಬಿಕೊಂಡು ನಿಂತಿದ್ದ. ಈಗ ಹೇಳುತ್ತೇನೆ, ಈ ಗಲಾಟೆ ಒಂದಿಷ್ಟು ಇಳಿಯಲಿ ಎಂದುಕೊಂಡ. ಗಲಾಟೆ ಇಳಿಯಿತು. ನಾಳೆ ಹೇಳುತ್ತೇನೆ ಎಂದುಕೊಂಡ. ಒಲಿಂಡಾ ಆಸ್ಪತ್ರೆಯಿಂದ ಬರಲಿ ಎಂದುಕೊಂಡ. ದಿನ ಹೋದಷ್ಟೂ ಹೇಳಬೇಕಾದದ್ದು ಒಂದಲ್ಲ, ಎರಡಾಯಿತು. ಮಾಡಿದ್ದನ್ನೂ ಹೇಳಬೇಕು, ಇಷ್ಟು ದಿನ ಹೇಳದೆ ಇದ್ದದ್ದನ್ನೂ ಹೇಳಬೇಕು.

ಪಾದ್ರಿಗಳ ಮುಂದೆ ಪಾಪನಿವೇದನೆಗೆ ಮೊಣಕಾಲೂರಿದಾಗ, "ನನ್ನ ಅಜಾಗ್ರತೆಯಿಂದ ಒಬ್ಬರಿಗೆ ತೊಂದರೆಯಾಯಿತು" ಎಂದಷ್ಟೇ ಹೇಳಿದ್ದ. ಮೂರು ಸಲ ನಮಾನ್ ಮರಿಯೆ ಪ್ರಾರ್ಥನೆ ಹೇಳಿಕೊಳ್ಳಲು ಅಪ್ಪಣೆಯಾಯಿತು. ಹೊರಗೆ ಬಂದವನಿಗೆ ಪಾದ್ರಿಗಳಿಗೂ ಮೋಸ ಮಾಡಿದೆನಲ್ಲ ಎನ್ನಿಸಿತು. ಮೂರರ ಬದಲು ಮುನ್ನೂರು ಹೇಳಿದ. ಲೆಕ್ಕ ಮೀರಿ ಹೇಳಿದರೂ ಹೇಳಬೇಕಾದ ಮಾತು ಅದಲ್ಲವೆಂದು ಅವನಿಗೆ ಗೊತ್ತಿತ್ತು.

ಈಗ ಅಯ್ಯೂಬ್ ಅಂಪ್ಲಿಫೈಯರನ್ನು ಜಗಲಿಯ ಮೇಲಿಟ್ಟು, ಪಕ್ಕದಲ್ಲಿ ಕೂತು, ಅದರ ಬೆನ್ನನ್ನು ಆಂಬ್ರೋಸನತ್ತ ತಿರುಗಿಸಿದ.

"ಅರ್ತಿನ ತಿರುಪು ಇಲ್ಲಿ ಉಂಟು. ನಿಮಗೆ ಗೊತ್ತುಂಟಲ್ಲ. ಆದರೂ ಕಟ್ಟಿದ ಮೇಲೆ ಇನ್ನೊಬ್ಬರನ್ನು ಕರೆದು ತೋರಿಸಿ. 'ನಾನು ಕಟ್ಟಿದ್ದೇನೆ, ನೀನು ನೋಡಿದ್ದೀಯಲ್ಲ' ಅಂತ ಹೇಳಿಸಿಕೊಳ್ಳಿ." ಅವನು ಸ್ವರ ತಗ್ಗಿಸಿದ. "ನಾನು ಈಗ ಮನೆಯಲ್ಲಿ ಹಾಗೆಯೇ ಮಾಡುವುದು ಮಾರಾಯ್ರೆ. ಚಿಲಕ ಹಾಕಿದ್ರೆ ಹೆಂಡತಿ ಝುಬೈದಾಳನ್ನು ಕರೆದು ತೋರಿಸ್ತೇನೆ. ನಮಾಜಿನಲ್ಲಿ ಎಷ್ಟು ರಕಅತ್ ಆಯ್ತು, ಎಷ್ಟು ಸಲ ಬಗ್ಗಿ ಎದ್ದೆ ಅಂತ ಮರೆತು ಪುನಃ ಸುರುವಿನಿಂದ ಮಾಡ್ತೇನೆ. ಮೊದಲು ನನಗೆ ಚೆನ್ನಾಗಿ ನೆನಪಿತ್ತು, ಆ ದಿನ ತಂತಿ ಬಿಗಿದದ್ದು. ಬೆರಳಿಗೆ ತಾಮ್ರ ಕುತ್ತಿದ್ದು ಸಹ ನೆನಪಿತ್ತು. ಎಲ್ಲರೂ ಇಲ್ಲ ಇಲ್ಲ ಅಂದ ಮೇಲೆ ಈಗ ನನಗೂ ಕಾಣುವುದಿಲ್ಲ. ನೀವು ಹತ್ತಿರ ಇದ್ರಿ. ನೀವಾದ್ರೂ ಹೇಳಿ ಪೊರ್ಬುಗಳೇ. ನಾನು ಮರೆತದ್ದೇ ಅಲ್ವಾ?"

ಅವನು ಕೇಳಿದ್ದು ತನ್ನ ಪರವಾದ ಸಾಕ್ಷಿಯನ್ನಲ್ಲ. ಹೌದು ಅಂದುಬಿಡಿ, ನನಗೆ ಒಂದು ಕಡೆ ಮುಗಿಯಲಿ ಎಂದು ಬೇಡುತ್ತಿದ್ದ. ಹೌದೆಂದರೆ ಆಂಬ್ರೋಸನಿಗೂ ಅಲ್ಲಿಗೆ ಮುಗಿಯುತ್ತಿತ್ತು.

"ಇಲ್ಲ" ಎಂದ ಆಂಬ್ರೋಸ್. ತನ್ನ ಸ್ವರ ಬೇರೆ ಯಾರದ್ದೋ ಆಗಿ ಕೇಳಿತು. "ನೀವು ಕಟ್ಟಿದ್ದಿರಿ. ಬಿಚ್ಚಿದ್ದು ನಾನು. ನೀವು ನಮಾಜಿಗೆ ಹೋದಾಗ. ಆ ಗುಂಯ್ ಸದ್ದು ನನಗೆ ಸಹಿಸಲಿಕ್ಕೆ ಆಗ್ಲಿಲ್ಲ. ಸುರುಳಿ ಸುತ್ತಿಟ್ಟದ್ದೂ ನಾನೇ."

ಡ್ರಮ್ಮಿನವನು ಕೋಲುಗಳನ್ನು ಮಡಿಲಿಗೆ ಇಳಿಸಿದ. ಅಯ್ಯೂಬ್ ಕೂತಲ್ಲಿಂದ ಏಳಲಿಲ್ಲ.

"ಇನ್ನೊಮ್ಮೆ ಹೇಳಿ."

ಆಂಬ್ರೋಸ್ ಇನ್ನೊಮ್ಮೆ ಹೇಳಿದ.

"ನಾನು ಕಟ್ಟಿದ್ದೆ" ಅಂದ ಅಯ್ಯೂಬ್. ಅವನ ಮುಖ ಅರಳಿತು. ಆಂಬ್ರೋಸ್ ಬೈಗುಳಕ್ಕೆ ಸಿದ್ಧನಾಗಿದ್ದ, ಹೊಡೆತಕ್ಕೂ ಸಿದ್ಧನಾಗಿದ್ದ, ಆ ಸಂತೋಷಕ್ಕೆ ಸಿದ್ಧನಿರಲಿಲ್ಲ. "ಯಾ ಅಲ್ಲಾ, ನಾನು ಕಟ್ಟಿದ್ದೆ! ರಾಫೆಲ್ ಪೊರ್ಬುಗಳೇ, ಕೇಳಿದ್ರಾ? ಬೆರಳಿಗೆ ಕುತ್ತಿದ್ದು ಸುಳ್ಳಲ್ಲ!" ಅವನು ತನ್ನ ಬಲಗೈಯನ್ನು ಮಗುಚಿ ನೋಡಿದ, ಯಾರೋ ಒಯ್ದಿದ್ದನ್ನು ಮರಳಿ ತಂದುಕೊಟ್ಟ ಹಾಗೆ. ನೋಡುತ್ತ ನೋಡುತ್ತ ಮುಖದ ಬೆಳಕು ಇಳಿಯತೊಡಗಿತು. "ಮೂರು ತಿಂಗಳು" ಎಂದ ಮೆಲ್ಲಗೆ. "ನನ್ನ ಅಂಗಡಿಯ ಎದುರಿನಿಂದಲೇ ಅಲ್ವಾ ನೀವು ದಿನಾ ಕಾರ್ಖಾನೆಗೆ ಹೋಗುವುದು?"

ಆ ಅಂಗಡಿ ಬಂದಾಗ ರಸ್ತೆಯ ಆಚೆ ಬದಿಗೆ ದಾಟುವುದನ್ನು ಆಂಬ್ರೋಸ್ ಮೊದಲ ವಾರದಲ್ಲೇ ಕಲಿತಿದ್ದ.

ರಾಫೆಲ್ ಟ್ರಂಪೆಟನ್ನು ಪೆಟ್ಟಿಗೆಯೊಳಗಿಟ್ಟು ಮುಚ್ಚಿದ. "ಎಂತ ಜನ ಮಾರಾಯ ನೀನು" ಅಂದ. ಆಮೇಲೆ ಅಯ್ಯೂಬನ ಮುಖ ನೋಡಲಾರದೆ ಒಳಗೆ ಹೋದ.

"ನಡೀರಿ" ಎಂದ ಅಯ್ಯೂಬ್. "ಆ ಹುಡುಗಿಯ ಹತ್ತಿರ ಹೋಗುವ. ಅವಳು ತಪ್ಪು ನನ್ನದು ಅಂತ ತಿಳಿದುಕೊಂಡಿದ್ದಾಳೆ. ಆಮೇಲೆ ದೋಣಿಯಲ್ಲಿ ಹೊಳೆ ದಾಟಿ ಉಳ್ಳಾಲಕ್ಕೆ, ನಮ್ಮ ಮನೆಗೆ. ಝುಬೈದಾಳಿಗೆ ನೀವೇ ಹೇಳ್ಬೇಕು, ನನ್ನ ಬಾಯಿಂದ ಬೇಡ."

ಒಲಿಂಡಾಳ ಮನೆ ವೆಲೆನ್ಸಿಯಾದ ಇಳಿಜಾರಿನಲ್ಲಿ. ಇಬ್ಬರೂ ನಡೆದರು, ನಡುವೆ ಸೈಕಲ್ಲು. ಅತ್ತಾವರದ ಕಡೆ ತಿರುಗುವಲ್ಲಿ ಆಂಬ್ರೋಸನಿಗೆ, ಇಲ್ಲಿಂದ ಓಡಿದರೆ ಅಯ್ಯೂಬ್ ಹಿಂದೆ ಬರಲಿಕ್ಕಿಲ್ಲ ಎಂದು ಹೊಳೆಯಿತು. ಬರಲಿಕ್ಕಿಲ್ಲ ಎಂಬುದೇ ಅವನನ್ನು ಓಡಗೊಡಲಿಲ್ಲ.

ಜಗಲಿಯಲ್ಲಿ ಹೊಲಿಗೆ ಮೆಷಿನಿನ ಮುಂದೆ ಕೂತಿದ್ದ ಒಲಿಂಡಾ ಅಯ್ಯೂಬನನ್ನು ಕಂಡು ಅರ್ಧ ಎದ್ದು ನಿಂತಳು. ಕೆಳತುಟಿಯ ಎಡಬದಿಯಲ್ಲಿ ಕಲೆ ಹೊಳೆಯುತ್ತಿತ್ತು. ಮುರಿದ ಕೈಯ ಬೆರಳುಗಳು ಇನ್ನೂ ಪೂರ್ತಿ ಮಡಚುತ್ತಿರಲಿಲ್ಲ. ಆಂಬ್ರೋಸ್ ಮೆಟ್ಟಿಲು ಹತ್ತದೆ ಅಂಗಳದಲ್ಲೇ ನಿಂತು ಹೇಳಿದ. ಯಾವುದನ್ನೂ ಸುತ್ತಿ ಇಡಲಿಲ್ಲ. ತಿರುಪು, ತಂತಿ, ಸುರುಳಿ, ಎಲ್ಲರೂ ಅಯ್ಯೂಬನನ್ನು ಬೈಯುವಾಗ ತಾನು ನಿಂತಿದ್ದ ಜಾಗ, ಎಲ್ಲವನ್ನೂ ಹೇಳಿದ.

ಅವಳ ಸ್ವರ ಮೊದಲಿನದ್ದೇ, ಆದರೆ ಮೆಲ್ಲಗೆ, ಗಂಟಲಿನಿಂದ ಹೊರಗೆ ಬರಲು ಹೆದರಿದಂತೆ.

"ಎಂತಕ್ಕೆ ಬಿಚ್ಚಿದ್ದು ಅಂದ್ರಿ?"

"ಸ್ಪೀಕರಿನಲ್ಲಿ ಗುಂಯ್ ಅಂತ ಬರ್ತಿತ್ತು."

ಒಲಿಂಡಾ ಹುಬ್ಬು ಗಂಟಿಕ್ಕಿ ಆ ಸಂಜೆಯನ್ನು ನೆನಪಿಸಿಕೊಳ್ಳಲು ನೋಡಿದಳು. "ಬರ್ತಿತ್ತಾ?" ಎಂದಳು. "ನಾನು ಸ್ಪೀಕರಿನ ಹತ್ತಿರವೇ ಇದ್ದೆ. ನನಗೆ ಕೇಳ್ಲೇ ಇಲ್ಲ."

ಅವಳು ಅಯ್ಯೂಬನ ಕಡೆ ನೋಡಿದಳು. ಅವನು ಟೊಪ್ಪಿ ಸರಿಮಾಡಿಕೊಂಡು ಕಣ್ಣು ತಗ್ಗಿಸಿದ. ಅವಳು ಒಳಗೆ ಹೋಗಿ, ಬೆತ್ತದ ಕುರ್ಚಿಯೊಂದನ್ನು ಸರಿಯಿದ್ದ ಕೈಯಿಂದ ಎಳೆದು ತಂದಳು. ಅದರ ಮೇಲಿದ್ದ ಬಟ್ಟೆಯ ಚೂರುಗಳನ್ನು ಕೊಡವಿ, ಜಗಲಿಯ ನೆರಳಿನಲ್ಲಿಟ್ಟಳು.

"ಕೂತುಕೊಳ್ಳಿ ಅಯ್ಯೂಬಾಕ" ಎಂದಳು.

ಅಯ್ಯೂಬ್ ಸೈಕಲ್ಲಿಗೆ ಸ್ಟ್ಯಾಂಡು ಹಾಕಿ ಮೆಟ್ಟಿಲು ಹತ್ತಿದ. ಆಂಬ್ರೋಸ್ ಬಿಸಿಲಲ್ಲಿ ನಿಂತೇ ಇದ್ದ. ಒಲಿಂಡಾ ಮತ್ತೆ ಒಳಗೆ ಹೋದಳು. ಕುಡಿಯುವ ನೀರಿನ ಹಂಡೆಗೆ ಚೆಂಬು ಅದ್ದಿದ ಸದ್ದು ಹೊರಗೆ ಕೇಳಿತು.